ನಟ್ಟಿನ ಸೀಳಿಗೆ ಪಿನ್ನಿನ ತೂತು ಹೊಂದದಿದ್ದಾಗ: ಐಟಿಐ ಮತ್ತು ಗ್ಯಾರೇಜುಗಳು ಗಮನಿಸಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ, ಐಟಿಐನಲ್ಲಿ ಫಿಟ್ಟರ್ ವಿಭಾಗದ ಎರಡನೇ ವರ್ಷದಲ್ಲಿ ಓದುತ್ತಿರುವವನು, ಸಂಜೆ ನಮ್ಮ ಮನೆಗೆ ಬಂದು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದ ವ್ಯಕ್ತಿಯೊಬ್ಬ ತನ್ನ ಮನೆಯ ಶೆಡ್ಡಿನಲ್ಲಿ ರೈಫಲ್ ಜೋಡಿಸುತ್ತಿದ್ದ ವಿಡಿಯೊ ಅದು. ನಳಿಗೆಯನ್ನು ರೈಫಲ್ಲಿನ ಒಡಲಿಗೆ ಹಿಡಿದು ನಿಲ್ಲಿಸುವ ದೊಡ್ಡ ನಟ್ ಬಿಗಿಯಾಗಿತ್ತು, ಆದರೆ ಅದರ ಅಂಚಿನಲ್ಲಿರುವ ಸೀಳು ಗ್ಯಾಸ್ ಕೊಳವೆ ಹಾದುಹೋಗಬೇಕಾದ ದಾರಿಗೆ ನೇರವಾಗಿ ಬಂದಿರಲಿಲ್ಲ. ಆತ ನಟ್ಟನ್ನು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಬಿಗಿಯಲು ಶುರುಮಾಡಿದ. ಹುಡುಗನ ಪ್ರಶ್ನೆ ಇಷ್ಟೇ ಇತ್ತು: "ತಾತ, ಸ್ವಲ್ಪ ಹಿಂದಕ್ಕೆ ತಿರುಗಿಸಿದ್ದರೆ ಸೀಳು ನೇರಕ್ಕೆ ಬರ್ತಿತ್ತಲ್ಲ, ಇವನ್ಯಾಕೆ ಇಷ್ಟು ಕಷ್ಟಪಡ್ತಾನೆ?"

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾನಾ ಹಿಡಿದು ಬದುಕಿದವನಾದ ನನಗೆ ಆ ಪ್ರಶ್ನೆ ಎರಡು ಕಾರಣಕ್ಕೆ ನಿದ್ದೆ ಕೆಡಿಸಿತು. ಅಂಥ ವಿಡಿಯೊಗಳನ್ನು ನಮ್ಮ ಮಕ್ಕಳು ನೋಡುತ್ತಿದ್ದಾರೆ ಎಂಬುದು ಒಂದು. ಎರಡು ವರ್ಷದ ತರಬೇತಿಯ ಕೊನೆಗೆ ಬಂದಿರುವ ವಿದ್ಯಾರ್ಥಿಗೆ, ಸೀಳು ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸುವುದೇ ಸಹಜ ಉಪಾಯವಾಗಿ ತೋರಿತು ಎಂಬುದು ಇನ್ನೊಂದು. ಎರಡನೆಯದೇ ನನ್ನನ್ನು ಹೆಚ್ಚು ಕಾಡಿದ್ದು ಮತ್ತು ಈ ಪತ್ರ ಬರೆಸಿದ್ದು.

ಮೊದಲನೆಯದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಅಲ್ಲಿನ ಸಾಮಾನ್ಯ ನಾಗರಿಕ ಸ್ವಂತ ಬಳಕೆಗೆಂದು ಬಂದೂಕನ್ನು ಮನೆಯಲ್ಲಿ ಜೋಡಿಸಿಕೊಳ್ಳಬಹುದು; ಕೆಲವು ರಾಜ್ಯಗಳು ಮಾತ್ರ ಅದಕ್ಕೆ ಬೇರೆ ಕಟ್ಟುಪಾಡು ಹಾಕಿವೆ. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನು ತಯಾರಿಸುವುದಷ್ಟೇ ಏಕೆ, ಮಾರ್ಪಡಿಸುವುದು ಮತ್ತು ದುರಸ್ತಿ ಮಾಡುವುದು ಕೂಡ ಅಪರಾಧ. ಕಾಯ್ದೆಯು 'ಶಸ್ತ್ರ' ಎಂದು ಹೇಳುವಾಗ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿಕೊಂಡೇ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಕರಡಿ, ಕಾಡುಹಂದಿಗಳ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದು ಬಂದೂಕು ಇಟ್ಟುಕೊಂಡಿರುವ ರೈತರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರ ಬಂದೂಕು ಕೆಟ್ಟರೂ ಅದನ್ನು ಪರವಾನಗಿ ಇರುವ ದುರಸ್ತಿಗಾರರ ಬಳಿಗೇ ಒಯ್ಯಬೇಕು, ಊರಿನ ಲೇತ್ ಅಂಗಡಿಗೆ ಒಯ್ಯುವಂತಿಲ್ಲ. ಇದನ್ನೆಲ್ಲ ಹುಡುಗನಿಗೆ ಕೂರಿಸಿಕೊಂಡು ಹೇಳಿದೆ. ಅವನಿಗೆ ಬಂದೂಕಿನ ಆಸೆಯೇನೂ ಇರಲಿಲ್ಲ, ಜೋಡಣೆಯ ಕುತೂಹಲವಷ್ಟೇ ಇತ್ತು ಎಂಬುದು ನನಗೆ ಸಮಾಧಾನ ತಂದಿತು. ಆದರೂ ಐಟಿಐಗಳಲ್ಲಿ ಈ ಕಾಯ್ದೆಯ ಬಗ್ಗೆ ವರ್ಷಕ್ಕೆ ಒಂದು ಗಂಟೆಯಾದರೂ ತಿಳಿಹೇಳುವುದು ಒಳ್ಳೆಯದು, ಏಕೆಂದರೆ ಲೋಹದ ಕೆಲಸದ ಕೌಶಲ ಇರುವ ಕೈಗಳೇ ಇಂಥ ಕೆಲಸಕ್ಕೆ ಮೊದಲು ಆಮಿಷಕ್ಕೊಳಗಾಗುವುದು.

ಇನ್ನು ಮುಖ್ಯ ಮಾತು. ವಿಡಿಯೊದಲ್ಲಿದ್ದ ವ್ಯಕ್ತಿ ನಟ್ಟನ್ನು ಏಕೆ ಹಿಂದಕ್ಕೆ ತಿರುಗಿಸಲಿಲ್ಲ ಎಂಬುದಕ್ಕೆ ಉತ್ತರ ಬಂದೂಕಿನಲ್ಲಿಲ್ಲ, ಬಿಗಿಯುವಿಕೆಯ ವಿಜ್ಞಾನದಲ್ಲಿದೆ. ಆ ಬಗೆಯ ರೈಫಲ್ಲಿನ ನಳಿಗೆ ನಟ್ಟಿಗೆ 30ರಿಂದ 80 ಫುಟ್-ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 41ರಿಂದ 108 ನ್ಯೂಟನ್ ಮೀಟರ್, ಬಿಗಿತವನ್ನು ನಿಗದಿ ಮಾಡಿದ್ದಾರೆ. ಒಂದೇ ಸಂಖ್ಯೆ ಕೊಡದೆ ಇಷ್ಟು ಅಗಲವಾದ ಅಂತರ ಇಟ್ಟಿರುವುದು ಸೀಳನ್ನು ನೇರಕ್ಕೆ ತರಲು ಜಾಗ ಇರಲಿ ಎಂದೇ. ಕೆಳಗಿನ ಮಿತಿ ದಾಟಿದ ಮೇಲೆ ಮುಂದಿನ ಸೀಳು ಬರುವವರೆಗೆ ಬಿಗಿಯಬಹುದು, ಮೇಲಿನ ಮಿತಿಯನ್ನು ಮಾತ್ರ ಮೀರುವಂತಿಲ್ಲ. ಅಷ್ಟರಲ್ಲಿ ಹೊಂದದಿದ್ದರೆ ಶಿಮ್, ಅಂದರೆ ತೆಳುವಾದ ಲೋಹದ ಬಿಲ್ಲೆ, ಹಾಕಿ ಅಥವಾ ನಟ್ಟನ್ನೇ ಬದಲಿಸಿ ಮತ್ತೆ ಆರಂಭಿಸಬೇಕೇ ಹೊರತು, ಬಿಗಿದದ್ದನ್ನು ಸಡಿಲಿಸಿ ಸೀಳು ಕೂಡಿಸುವಂತಿಲ್ಲ. ವಿಮಾನ ನಿರ್ವಹಣೆಯಲ್ಲೂ ಇದೇ ಪದ್ಧತಿ. ಪಿನ್ ಹಾಕುವ ಸೀಳುಳ್ಳ ನಟ್ ನಿಗದಿತ ಬಿಗಿತದ ಒಳಗೆ ಹೊಂದದಿದ್ದರೆ ವಾಶರ್ ಬದಲಿಸಿ ಮತ್ತೆ ಬಿಗಿಯಬೇಕು. ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅಂಥ ಕೆಲಸಕ್ಕೆ ನಮ್ಮ ಹುಡುಗರು ಸೇರಬೇಕೆಂದು ನಾವೆಲ್ಲ ಬಯಸುತ್ತೇವೆ, ಆದರೆ ಅದಕ್ಕೆ ಬೇಕಾದ ಮೊದಲ ಅಕ್ಷರವನ್ನೇ ನಾವು ಅವರಿಗೆ ಸರಿಯಾಗಿ ತಿದ್ದಿಸಿಲ್ಲ ಎಂದು ನನಗೆ ಅಂದು ಅನ್ನಿಸಿತು.

ಬೋಲ್ಟನ್ನು ಬಿಗಿಯುವುದೆಂದರೆ ಅದನ್ನು ಹಿಗ್ಗಿಸುವುದು. ಕಣ್ಣಿಗೆ ಕಾಣದಷ್ಟು, ಆದರೆ ನಿಜವಾಗಿಯೂ ಅದು ಸ್ಪ್ರಿಂಗಿನಂತೆ ಉದ್ದವಾಗುತ್ತದೆ. ಮತ್ತೆ ಕುಗ್ಗಲು ಹವಣಿಸುವ ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಎರಡು ಮೂರು ಅಂಗುಲ ಉದ್ದದ ಉಕ್ಕಿನ ಬೋಲ್ಟು ಸರಿಯಾಗಿ ಬಿಗಿದಾಗ ಹಿಗ್ಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಮಾತ್ರ. ಈಗ ಲೆಕ್ಕ ನೋಡಿ. ತ್ರೆಡ್ಡಿನ ಹೆಜ್ಜೆ, ಅಂದರೆ ಒಂದು ಪೂರ್ತಿ ಸುತ್ತಿಗೆ ನಟ್ ಸರಿಯುವ ದೂರ, 1.5 ಮಿಲಿಮೀಟರ್ ಇರುವ ನಟ್ಟಿಗೆ ಆರು ಸೀಳುಗಳಿದ್ದರೆ ಒಂದು ಸೀಳಿನಿಂದ ಮತ್ತೊಂದಕ್ಕೆ 60 ಡಿಗ್ರಿ, ಅಂದರೆ ನಟ್ ಕಾಲು ಮಿಲಿಮೀಟರ್ ಸರಿಯುತ್ತದೆ. ಬೋಲ್ಟು ಹಿಗ್ಗಿರುವುದಕ್ಕಿಂತ ಅದು ಹೆಚ್ಚು. ಒಂದು ಸೀಳು ಹಿಂದಕ್ಕೆ ತಂದರೆ ಬಿಗಿತವೆಲ್ಲ ಹೋಯಿತು. ಕಾಲು ಸೀಳಿನಷ್ಟು ಹಿಂದಕ್ಕೆ ಬಂದರೂ ಸುಮಾರು ಅರ್ಧ ಹೋಯಿತೆಂದೇ ತಿಳಿಯಬೇಕು. ಹುಡುಗ ಹೇಳಿದ 'ಸ್ವಲ್ಪ' ಎಂಬ ಮಾತಿನ ಬೆಲೆ ಇಷ್ಟು. ಮೇಲೆ ಸ್ಪ್ಲಿಟ್ ಪಿನ್ (ನಟ್ಟಿನ ಸೀಳು ಮತ್ತು ಬೋಲ್ಟಿನ ತೂತಿನ ಮೂಲಕ ತೂರಿಸಿ ತುದಿ ಮಡಿಚುವ ತಂತಿ) ಹಾಕಿದ್ದೇವಲ್ಲ ಎಂದು ಧೈರ್ಯವಾಗಿರುವವರು ಬಹಳ ಜನ ಇದ್ದಾರೆ. ಪಿನ್ನು ನಟ್ಟು ಬಿದ್ದುಹೋಗದಂತೆ ತಡೆಯುತ್ತದೆ, ಕಳೆದುಹೋದ ಬಿಗಿತವನ್ನು ತಂದುಕೊಡುವುದಿಲ್ಲ.

ಇಲ್ಲಿಗೆ ಮುಗಿದಿದ್ದರೆ ವಿಷಯ ಸುಲಭವಾಗಿತ್ತು: ಎಂದೂ ಹಿಂದಕ್ಕೆ ತಿರುಗಿಸಬೇಡ ಎಂದು ಒಂದು ಸೂತ್ರ ಬರೆಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದೇ ಆಕಾರದ, ಅದೇ ಆರು ಸೀಳಿನ, ಅದೇ ಸ್ಪ್ಲಿಟ್ ಪಿನ್ನಿನ ನಟ್ಟು ಇನ್ನೊಂದು ಜಾಗದಲ್ಲಿ ಕುಳಿತಾಗ ನಿಯಮ ಪೂರ್ತಿ ತಿರುಗುಮುರುಗಾಗುತ್ತದೆ, ಮತ್ತು ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ಚಕ್ರಗಳು ಕಳಚುವುದು ಇಲ್ಲಿಯೇ.

ಟ್ರ್ಯಾಕ್ಟರ್ ಟ್ರೇಲರಿನ ಚಕ್ರದ ಹಬ್ಬಿನೊಳಗೆ, ಅಂದರೆ ಚಕ್ರದ ನಡುವಿನ ಗುಂಬದೊಳಗೆ, ಸಾಮಾನ್ಯವಾಗಿ ಎರಡು ಟೇಪರ್ ರೋಲರ್ (ಓರೆ ಉರುಳೆಯ) ಬೇರಿಂಗುಗಳು ಎದುರುಬದುರಾಗಿ ಕುಳಿತಿರುತ್ತವೆ. ಆಕ್ಸಲಿನ ತುದಿಯ ನಟ್ಟು ಇಲ್ಲಿ ಯಾವುದನ್ನೂ ಒತ್ತಿ ಹಿಡಿಯುವ ಕೆಲಸ ಮಾಡುವುದಿಲ್ಲ. ಬೇರಿಂಗುಗಳ ನಡುವೆ ಎಷ್ಟು ಸಡಿಲ ಇರಬೇಕು ಎಂಬುದನ್ನು ಅಳತೆ ಮಾಡಿ ನಿಲ್ಲಿಸುವುದಷ್ಟೇ ಅದರ ಕೆಲಸ. ಆ ಸಡಿಲ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಆದ್ದರಿಂದ ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಬಿಗಿದು, ರೋಲರುಗಳು ತಮ್ಮ ಜಾಗದಲ್ಲಿ ಕುಳಿತ ಮೇಲೆ ಸಡಿಲಿಸಿ, ಮತ್ತೆ ಹಗುರವಾಗಿ ಬಿಗಿದು, ಅಲ್ಲಿಂದ ಹತ್ತಿರದ ಸೀಳಿಗೆ ಹಿಂದಕ್ಕೆ ತಂದು ಪಿನ್ ಹಾಕಬೇಕು. ಇಲ್ಲಿ ಹಿಂದಕ್ಕೆ ತರುವುದೇ ಸರಿ, ಸೀಳು ಹೊಂದಲೆಂದು ಮುಂದಕ್ಕೆ ಎಳೆಯುವುದೇ ತಪ್ಪು. ಒಳ್ಳೆಯ ಆಕ್ಸಲುಗಳ ತುದಿಯಲ್ಲಿ ಪಿನ್ನಿಗಾಗಿ ಒಂದಕ್ಕೊಂದು ಅಡ್ಡಲಾಗಿ ಎರಡು ತೂತುಗಳನ್ನು ಕೊರೆದಿರುವುದನ್ನು ಓದುಗರಲ್ಲಿ ಮೆಕ್ಯಾನಿಕ್‌ಗಳಾದವರು ಗಮನಿಸಿರಬಹುದು. ಒಂದೇ ತೂತಿದ್ದರೆ ಆರು ಸೀಳಿನ ನಟ್ಟು 60 ಡಿಗ್ರಿಗೊಮ್ಮೆ ಹೊಂದುತ್ತದೆ. ಅಡ್ಡಲಾಗಿ ಇನ್ನೊಂದು ತೂತಿದ್ದರೆ 30 ಡಿಗ್ರಿಗೊಮ್ಮೆ ಹೊಂದುತ್ತದೆ. 1.5 ಮಿಲಿಮೀಟರ್ ತ್ರೆಡ್ಡಿನ ಲೆಕ್ಕದಲ್ಲಿ ಕಾಲು ಮಿಲಿಮೀಟರಿನ ಹೆಜ್ಜೆ ಅರ್ಧಕ್ಕೆ ಇಳಿದು, ಬೇಕಾದ ಸಡಿಲಕ್ಕೆ ಹತ್ತಿರವಾಗುತ್ತದೆ. ಎಷ್ಟೋ ಜನ ಆ ಎರಡನೇ ತೂತನ್ನು, ಮೊದಲನೆಯದು ಹಾಳಾದರೆ ಇರಲಿ ಎಂದು ಕೊರೆದದ್ದೆಂದು ತಿಳಿದಿದ್ದಾರೆ. ಒಬ್ಬ ಹಿರಿಯ ಮೆಕ್ಯಾನಿಕ್ ನನ್ನೆದುರೇ ಹಾಗೆ ವಾದಿಸಿದರು. ಸೀಸದ ಕಡ್ಡಿಯಿಂದ ಕಾಗದದ ಮೇಲೆ ಆರು ಗೆರೆ ಎಳೆದು ತೋರಿಸಿದ ಮೇಲೆ ಬಹಳ ಹೊತ್ತು ಸುಮ್ಮನೆ ಅದನ್ನೇ ನೋಡುತ್ತಾ ಕುಳಿತರು.

ಈ ತಿಳಿವಳಿಕೆಯ ಕೊರತೆ ನಮ್ಮ ಮನೆಗೇ ಬಂದು ತಟ್ಟಿದೆ. ನನ್ನ ಅಣ್ಣ ಗುಬ್ಬಿ ತಾಲ್ಲೂಕಿನಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದಾರೆ. ಮೂರು ವರ್ಷದ ಹಿಂದೆ ಅವರ ಟ್ರೇಲರಿನ ಎಡಗಡೆ ಚಕ್ರದ ಬೇರಿಂಗ್ ಸದ್ದು ಮಾಡುತ್ತಿದೆ ಎಂದು ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದರು. ಕೆಲಸ ಮಾಡಿದ ಹುಡುಗ ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸಿ, ಸೀಳು ತೂತಿಗೆ ಹೊಂದುವವರೆಗೆ ಮುಂದಕ್ಕೆ ಎಳೆದು, ಪಿನ್ ಮಡಿಚಿ, ಗಟ್ಟಿಯಾಗಿದೆ ಎಂದು ತೃಪ್ತಿಯಿಂದ ಹೇಳಿ ಕಳಿಸಿದ. ಎರಡು ದಿನದ ನಂತರ ಕೊಬ್ಬರಿ ತುಂಬಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೊರಟಾಗ ಕೆ.ಬಿ.ಕ್ರಾಸ್ ಇನ್ನೂ ದೂರ ಇರುವಾಗಲೇ ಹಬ್ಬಿನಿಂದ ಸುಟ್ಟ ಗ್ರೀಸಿನ ವಾಸನೆ ಬಂದಿತಂತೆ. ಬ್ರೇಕ್ ಕಚ್ಚಿರಬೇಕೆಂದು ಅಣ್ಣ ಅಂದಾಜು ಮಾಡಿ ಇನ್ನೊಂದಿಷ್ಟು ದೂರ ಹೋದರು. ಬೇರಿಂಗ್ ಬಿಸಿಯಾಗಿ, ಗ್ರೀಸ್ ನೀರಾಗಿ ಹರಿದು, ರೋಲರುಗಳು ಕಚ್ಚಿಕೊಂಡು, ಒಳಗಿನ ಬಳೆ ಆಕ್ಸಲಿನ ಮೇಲೆಯೇ ತಿರುಗಲು ಶುರುವಾಯಿತು. ಅದು ನಟ್ಟನ್ನೂ ಜೊತೆಗೆ ತಿರುಗಿಸಿತು. ಪಿನ್ನು ಕತ್ತರಿಸಿತು. ಚಕ್ರ ಕಳಚಿ ರಸ್ತೆಬದಿಯ ಹಳ್ಳಕ್ಕೆ ಉರುಳಿತು, ಟ್ರೇಲರ್ ಒಂದು ಪಕ್ಕಕ್ಕೆ ವಾಲಿ ನಿಂತಿತು. ಮೂಟೆಗಳ ಮೇಲೆ ಇಬ್ಬರು ಕೂಲಿಯವರು ಕುಳಿತಿದ್ದರು. ವೇಗ ಕಡಿಮೆಯಿದ್ದದ್ದರಿಂದ, ಎದುರಿಗೆ ಯಾವ ವಾಹನವೂ ಬರದೇ ಇದ್ದದ್ದರಿಂದ ಇಬ್ಬರೂ ತರಚು ಗಾಯದೊಂದಿಗೆ ಉಳಿದರು. ಅವರಲ್ಲೊಬ್ಬರ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದಳು ಎಂಬುದನ್ನು ನೆನೆದರೆ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ.

ಆ ಗ್ಯಾರೇಜಿನ ಹುಡುಗನನ್ನು ನಾನು ಬೈಯಲು ಹೋಗಿದ್ದೆ, ಆದರೆ ಮಾತಾಡಿಸಿದ ಮೇಲೆ ಬೈಯಲಾಗಲಿಲ್ಲ. ಅವನು ಸೋಮಾರಿಯಾಗಿರಲಿಲ್ಲ, ಮೋಸ ಮಾಡಿರಲಿಲ್ಲ. ಸ್ಟೀರಿಂಗಿನ ಬಾಲ್ ಜಾಯಿಂಟಿನ ನಟ್ಟನ್ನು ಎಂದೂ ಹಿಂದಕ್ಕೆ ತಿರುಗಿಸಬಾರದೆಂದು ಅವನ ಗುರುಗಳು ಹೇಳಿಕೊಟ್ಟಿದ್ದರು. ಆ ಪಾಠ ನೂರಕ್ಕೆ ನೂರು ಸರಿ: ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ತುದಿ ಕೋನದಾಕಾರದ ತೂತಿನಲ್ಲಿ ಬಿಗಿಯಾಗಿ ಕಚ್ಚಿ ಕೂರಬೇಕು, ನಿಗದಿತ ಬಿಗಿತ ಮುಟ್ಟಿದ ಮೇಲೆ ಮುಂದಿನ ಸೀಳಿಗೆ ಮುಂದಕ್ಕೇ ಹೋಗಬೇಕು, ಹಿಂದಕ್ಕೆ ತಂದರೆ ಅದು ಹೊಡೆದುಕೊಳ್ಳುತ್ತಾ ತೂತನ್ನೇ ಮೊಟ್ಟೆಯಾಕಾರ ಮಾಡಿ ಒಂದು ದಿನ ಸ್ಟೀರಿಂಗ್ ಕೈಬಿಡುತ್ತದೆ. ಹುಡುಗ ಆ ಸರಿಯಾದ ಪಾಠವನ್ನು ಚಕ್ರದ ಹಬ್ಬಿಗೆ ತಂದು ಹಾಕಿದ. ನೋಡಲು ಎರಡೂ ಒಂದೇ ನಟ್ಟು, ಒಂದೇ ಪಿನ್ನು. ಯಾವುದು ಹಿಡಿದು ನಿಲ್ಲಿಸುವ ನಟ್ಟು, ಯಾವುದು ಅಳತೆ ಮಾಡಿ ಬಿಡುವ ನಟ್ಟು ಎಂದು ಕೇಳಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಬೀದಿಯ ಐಟಿಐ ಹುಡುಗನದು ಇದಕ್ಕೆ ಎದುರಾದ ತಪ್ಪು: ಹಿಡಿದು ನಿಲ್ಲಿಸುವ ನಟ್ಟನ್ನು ಹಿಂದಕ್ಕೆ ತಿರುಗಿಸಬಹುದೆಂದು ಅವನು ತಿಳಿದ. ಇಬ್ಬರದೂ ಬೇರು ಒಂದೇ. ಕೈಚಳಕ ಕಲಿಸಿದ್ದೇವೆ, ಆ ನಟ್ಟು ಅಲ್ಲಿ ಏಕೆ ಕುಳಿತಿದೆ ಎಂಬುದನ್ನು ಕಲಿಸಿಲ್ಲ.

ಪೈಪ್ ತೊಡಿಸಿ ಎಳೆಯುವ ಅಭ್ಯಾಸದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 70 ಕಿಲೋ ತೂಕದ ಮನುಷ್ಯ ಒಂದು ಮೀಟರ್ ಉದ್ದದ ಪೈಪಿನ ತುದಿಗೆ ತನ್ನ ಪೂರ್ತಿ ಭಾರ ಬಿಟ್ಟರೆ ನಟ್ಟಿನ ಮೇಲೆ ಬೀಳುವ ತಿರುಚುಬಲ ಸುಮಾರು 690 ನ್ಯೂಟನ್ ಮೀಟರ್. ಸಣ್ಣ ಕಾರಿನ ಚಕ್ರದ ನಟ್ಟಿಗೆ ಬೇಕಾಗುವುದು ಹೆಚ್ಚುಕಡಿಮೆ 100. ಏಳು ಪಟ್ಟು ಬಲಕ್ಕೆ ಸಿಕ್ಕ ಬೋಲ್ಟು ಹಿಗ್ಗುವ ಮಿತಿಯನ್ನು ದಾಟಿ, ಮತ್ತೆ ಕುಗ್ಗುವ ಶಕ್ತಿಯನ್ನೇ ಕಳೆದುಕೊಂಡು, ಯಾವುದೋ ಹೊಂಡದಲ್ಲಿ ಮುರಿಯುತ್ತದೆ. ಬಿಗಿಯುವಾಗ ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತ್ರೆಡ್ಡಿನ ಮತ್ತು ನಟ್ಟಿನ ಕೆಳಗಿನ ಉಜ್ಜಾಟಕ್ಕೇ ಖರ್ಚಾಗುತ್ತದೆ, ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಆದ್ದರಿಂದಲೇ ತ್ರೆಡ್ಡಿಗೆ ಎಣ್ಣೆ ಬಿದ್ದರೆ ಲೆಕ್ಕ ಬದಲಾಗುತ್ತದೆ. ಒಣ ತ್ರೆಡ್ಡಿಗೆ ಹೇಳಿದ ಬಿಗಿತವನ್ನೇ ಎಣ್ಣೆ ಹಚ್ಚಿದ ತ್ರೆಡ್ಡಿಗೆ ಕೊಟ್ಟರೆ ಬೋಲ್ಟು ಹೆಚ್ಚು ಹಿಗ್ಗುತ್ತದೆ, ತುಕ್ಕು ಹಿಡಿದ ತ್ರೆಡ್ಡಿಗೆ ಕೊಟ್ಟರೆ ಬಿಗಿಯೇ ಆಗಿರುವುದಿಲ್ಲ. ಕೈಗೆ ಗಟ್ಟಿ ಅನ್ನಿಸಿತು ಎಂಬ ಮಾತು ಎಷ್ಟು ನಂಬಲರ್ಹವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸೀಳು ಹೊಂದಲಿಲ್ಲವೆಂದು ಬಂದ ಎಷ್ಟೋ ಕೆಲಸಗಳಲ್ಲಿ ನಾನು ಕಂಡ ಕಾರಣ ಇಷ್ಟೇ ಸಣ್ಣದು: ತ್ರೆಡ್ಡಿನಲ್ಲಿ ಮಣ್ಣು, ವಾಶರಿನ ಕೆಳಗೆ ಹಳೆಯ ಬಣ್ಣದ ಚಕ್ಕೆ, ಅಥವಾ ಹಳೆಯ ಪಿನ್ನಿನ ಮುರಿದ ತುಂಡು ಒಳಗೇ ಉಳಿದಿರುವುದು. ವೈರ್ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಮತ್ತೆ ಬಿಗಿದರೆ ಸೀಳು ತಾನಾಗಿ ಬಂದು ನಿಲ್ಲುವುದುಂಟು. ಹಾಗೂ ಬಾರದಿದ್ದರೆ ವಾಶರ್ ಬದಲಿಸಬೇಕು. ದಪ್ಪದಲ್ಲಿ ತುಸು ವ್ಯತ್ಯಾಸ ಇರುವ ಎರಡು ವಾಶರುಗಳು ಜೇಬಿನಲ್ಲಿದ್ದರೆ ಪೈಪಿನ ಅಗತ್ಯವೇ ಬೀಳುವುದಿಲ್ಲ. ಬಳಸಿದ ಪಿನ್ನನ್ನು ನೇರ ಮಾಡಿ ಮತ್ತೆ ಹಾಕುವುದನ್ನಂತೂ ಯಾರೂ ಮಾಡಬಾರದು. ಒಮ್ಮೆ ಮಡಿಚಿ ಬಿಚ್ಚಿದ ತಂತಿ ಮಡಿಕೆಯಲ್ಲೇ ಬಿರುಕು ಬಿಟ್ಟಿರಬಹುದು, ಹೊಸ ಪಿನ್ನಿನ ಬೆಲೆ ಒಂದು ಲೋಟ ಚಹಾದ ಬೆಲೆಯನ್ನೂ ಮುಟ್ಟುವುದಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ನನ್ನ ಬೇಡಿಕೆಗಳು ದೊಡ್ಡವಲ್ಲ. ಸರ್ಕಾರ ರಾಜ್ಯದ 150 ಐಟಿಐಗಳನ್ನು ದೊಡ್ಡ ವೆಚ್ಚದಲ್ಲಿ ಆಧುನಿಕಗೊಳಿಸಿದೆ. ರೋಬಾಟ್, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದಿವೆ. ಅದು ಸಂತೋಷದ ಸಂಗತಿ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆ ಯಂತ್ರಗಳ ಪಕ್ಕದ ಬೆಂಚಿನ ಮೇಲೆ ಒಂದು ಹಳೆಯ ಟ್ರೇಲರ್ ಹಬ್ಬು ಮತ್ತು ಒಂದು ಟೈ ರಾಡ್ ತುದಿಯನ್ನು ಕಚ್ಚಿಸಿ ನಿಲ್ಲಿಸಲಿ. ಗುಜರಿಯಲ್ಲಿ ಸಿಗುವ ಸಾಮಾನಿಗೆ ಅಂಥ ಖರ್ಚೇನೂ ಇಲ್ಲ. ಫಿಟ್ಟರ್, ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ವಿಭಾಗಗಳ ಪ್ರತಿಯೊಬ್ಬ ವಿದ್ಯಾರ್ಥಿಯೂ ಎರಡನ್ನೂ ತನ್ನ ಕೈಯಿಂದ ಬಿಗಿದು, ಒಂದರಲ್ಲಿ ಮುಂದಕ್ಕೆ ಏಕೆ ಹೋದೆ, ಇನ್ನೊಂದರಲ್ಲಿ ಹಿಂದಕ್ಕೆ ಏಕೆ ಬಂದೆ ಎಂದು ಬಾಯಿಬಿಟ್ಟು ವಿವರಿಸಿದ ಮೇಲೆಯೇ ಪ್ರಾಯೋಗಿಕ ಪರೀಕ್ಷೆಗೆ ಕೂರಿಸಲಿ. ಪರೀಕ್ಷಕರು ಹಬ್ಬಿಗೆ ಡಯಲ್ ಗೇಜ್ ಹಚ್ಚಿ ಸಡಿಲ ಎಷ್ಟಿದೆ ಎಂದು ಅಳೆದು ಅಂಕ ಕೊಡಲಿ, ಪಿನ್ ಮಡಿಚಿದ ಅಂದಕ್ಕೆ ಅಂಕ ಕೊಡುವುದು ಬೇಡ.

ಟಾರ್ಕ್ ರೆಂಚ್, ಅಂದರೆ ತಿರುಚುಬಲವನ್ನು ಅಳೆಯುವ ಪಾನಾ, ಇನ್ನೂ ನಮ್ಮ ತಾಲ್ಲೂಕು ಕೇಂದ್ರಗಳ ಹೆಚ್ಚಿನ ಸಣ್ಣ ಗ್ಯಾರೇಜುಗಳಲ್ಲಿ ನನಗೆ ಕಂಡಿಲ್ಲ. ಕೆಲವರಲ್ಲಿ ಇದೆ, ಆದರೆ ಅದನ್ನು ಗೂಟಕ್ಕೆ ನೇತುಹಾಕಿದ್ದಾರೆ, ಅಥವಾ ಜಾಮ್ ಆದ ನಟ್ಟು ಬಿಚ್ಚಲು ಬಳಸಿ ಕೆಡಿಸಿದ್ದಾರೆ. ಅದು ಬಿಗಿಯಲು ಮಾತ್ರ ಇರುವ ಸಲಕರಣೆ. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಅತಿ ಕಡಿಮೆ ಅಂಕಿಗೆ ಇಳಿಸಿಡಬೇಕು, ವರ್ಷಕ್ಕೊಮ್ಮೆ ಇಲ್ಲವೇ ಸುಮಾರು 5,000 ಬಾರಿ ಬಳಸಿದ ಮೇಲೆ ಪರೀಕ್ಷೆ ಮಾಡಿಸಬೇಕು. ನಮ್ಮ ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳ ದೊಡ್ಡ ಕಾರ್ಖಾನೆಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಶಾಲೆಗಳಿಗೆ ಬೆಂಚು, ಬಣ್ಣ ಕೊಡಿಸುತ್ತವೆ. ಅದರ ಜೊತೆಗೆ ತಾಲ್ಲೂಕಿಗೊಂದು ಪರೀಕ್ಷಾ ದಿನ ಇಟ್ಟು, ಗ್ಯಾರೇಜಿನವರು ತಂದ ಟಾರ್ಕ್ ರೆಂಚುಗಳನ್ನು ತಮ್ಮ ಯಂತ್ರದಲ್ಲಿ ಉಚಿತವಾಗಿ ಪರೀಕ್ಷಿಸಿಕೊಟ್ಟರೆ ಎಷ್ಟೋ ಜೀವ ಉಳಿಯುತ್ತದೆ. ಕೈಗಡಿಯಾರ ತಯಾರಿಸಿ ದೇಶಕ್ಕೆಲ್ಲ ಕಳಿಸಿದ ಊರು ನಮ್ಮದು. ಎಳ್ಳುಕಾಳಿನಷ್ಟು ಸ್ಕ್ರೂ ಕೂಡ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಕೂರಬೇಕೆಂಬ ಶಿಸ್ತು ಇಲ್ಲಿನ ಎಷ್ಟೋ ಮನೆಗಳ ಹಿರಿಯರ ಬೆರಳುಗಳಲ್ಲಿ ಇನ್ನೂ ಇದೆ. ಅವರನ್ನು ಐಟಿಐಗಳು ಅತಿಥಿ ಬೋಧಕರಾಗಿ ಕರೆಯುವುದು ಸಾಧ್ಯವಾದರೆ ಆ ಶಿಸ್ತು ಅವರೊಂದಿಗೇ ಮುಗಿದುಹೋಗುವುದಿಲ್ಲ.

ಟ್ರೇಲರುಗಳ ವಿಷಯದಲ್ಲಿ ಸಾರಿಗೆ ಇಲಾಖೆಯ ಗಮನವೂ ಬೇಕು. ಅಣ್ಣನ ಟ್ರೇಲರ್ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಯಾರಾದದ್ದು. ಅದರ ಜೊತೆ ಒಂದು ಹಾಳೆಯ ಕೈಪಿಡಿಯೂ ಬಂದಿರಲಿಲ್ಲ. ಯಾವ ನಟ್ಟಿಗೆ ಎಷ್ಟು ಬಿಗಿತ, ಹಬ್ಬಿನಲ್ಲಿ ಎಷ್ಟು ಸಡಿಲ, ಎಷ್ಟು ತಿಂಗಳಿಗೊಮ್ಮೆ ಗ್ರೀಸ್ ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ತಗಡಿನ ಫಲಕವನ್ನು ಟ್ರೇಲರಿನ ಮುಂಭಾಗಕ್ಕೆ ಹೊಡೆದು ಕೊಡುವುದನ್ನು ತಯಾರಕರಿಗೆ ಕಡ್ಡಾಯ ಮಾಡಲಿ. ಶೇಂಗಾ, ರಾಗಿ ಸುಗ್ಗಿಗೆ ಮೊದಲು ಪಾವಗಡ, ಶಿರಾ, ಮಧುಗಿರಿ ಕಡೆ, ಮತ್ತು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಅಂಗಳದಲ್ಲೇ ಒಂದು ದಿನ ಹಬ್ಬು ಪರೀಕ್ಷೆಯ ಶಿಬಿರ ನಡೆಸಬಹುದು. ಜಾಕ್ ಹಚ್ಚಿ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಒಮ್ಮೆ ತಿರುಗಿಸಿ ಬಿಟ್ಟರೆ ತಿಳಿದವನಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ರೈತರು ತಾವೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ: ಬೇರಿಂಗ್ ಕೆಲಸ ಆದ ಮೇಲೆ ಮೊದಲ ಸಲ ಹೊರಟಾಗ ಐದಾರು ಕಿಲೋಮೀಟರ್ ಹೋಗಿ ನಿಲ್ಲಿಸಿ, ಹಬ್ಬಿನ ಹತ್ತಿರ ಅಂಗೈಯ ಹಿಂಭಾಗವನ್ನು ಒಯ್ದು ನೋಡಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗಬಾರದು. ಅಣ್ಣನಿಗೆ ಅಂದು ಇದನ್ನು ಹೇಳಿಟ್ಟಿರಲಿಲ್ಲ ಎಂಬ ನೋವು, ಈ ಕಸುಬನ್ನೇ ಮಾಡಿಕೊಂಡು ಬಂದ ತಮ್ಮನಾದ ನನಗೆ ಇದ್ದೇ ಇದೆ.

ಬೀದಿಯ ಹುಡುಗ ಆಮೇಲೆ ಎರಡು ಭಾನುವಾರ ನಮ್ಮ ಮನೆಗೆ ಬಂದ. ಅಣ್ಣನ ಟ್ರೇಲರಿನಿಂದ ಬಿಚ್ಚಿ ತಂದ, ಬಳೆ ತಿರುಗಿ ನೀಲಿಗಟ್ಟಿದ ಆ ಆಕ್ಸಲ್ ತುದಿಯನ್ನು ನಾನು ಎಸೆದಿರಲಿಲ್ಲ. ಅದನ್ನೇ ವೈಸಿಗೆ ಕಚ್ಚಿಸಿ, ಬೇರೆ ಬೇರಿಂಗ್ ಮತ್ತು ಹಬ್ಬು ಹಾಕಿ, ಬಿಗಿದು, ಬಿಟ್ಟು, ಹತ್ತಿರದ ಸೀಳಿಗೆ ತರುವುದನ್ನು ಅವನಿಂದಲೇ ಮಾಡಿಸಿದೆ. ಮೊದಲ ನಾಲ್ಕು ಸಲ ತಪ್ಪಿದ, ಐದನೆಯ ಸಲ ಹಬ್ಬು ತಡೆಯಿಲ್ಲದೆ ತಿರುಗಿತು, ಅಲುಗಾಡಿಸಿದರೆ ಕೈಗೆ ಸಿಕ್ಕೂ ಸಿಗದಂಥ ಸಡಿಲ ಉಳಿಯಿತು. ತುಮಕೂರು ಜಿಲ್ಲೆಯ ಯಾವ ಐಟಿಐನವರು ಕರೆದರೂ ಈ ಆಕ್ಸಲ್ ತುದಿಯನ್ನು, ಕತ್ತರಿಸಿದ ಪಿನ್ನನ್ನು ಮತ್ತು ಸೀಳು ಹರಿದ ನಟ್ಟನ್ನು ನಾನೇ ಹೊತ್ತು ತಂದು ಮಕ್ಕಳ ಮುಂದಿಡಲು ಸಿದ್ಧನಿದ್ದೇನೆ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ.

ಇಂತಿ,
ಒಬ್ಬ ನಿವೃತ್ತ ಫಿಟ್ಟರ್
ತುಮಕೂರು